ಬ್ರೇಕ್ ಹಾಕಿದಾಗ ಕಾರು ಅದುರುತ್ತದೆಯೇ? ಹೊಸ ಡಿಸ್ಕ್ ಕೊಳ್ಳುವ ಮೊದಲು ಇದನ್ನು ಮಾಡಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಂಬತ್ತರ ವೇಗದಲ್ಲಿ ಬ್ರೇಕ್ ಹಾಕಿದರೆ ಸ್ಟೇರಿಂಗ್ ಗಡಗಡ ಅಲುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ ಎಂದು ಹೇಳಿ ಹೊಸದು ಹಾಕುತ್ತಾರೆ. ಕೆಲವು ತಿಂಗಳು ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಅದುರುವುದು ಮತ್ತೆ ಶುರು. ಹೊಸ ಡಿಸ್ಕೂ ಕಳಪೆಯೇ?

ಬಹಳಷ್ಟು ಸಲ ಅಲ್ಲ. ಡಿಸ್ಕ್ ಬದಲಾಯಿತು, ಡಿಸ್ಕನ್ನು ಕೆಡಿಸಿದ ಕಾರಣ ಮಾತ್ರ ಹಾಗೇ ಕಾರಿನಲ್ಲಿ ಉಳಿದುಕೊಂಡಿತು. ಆದ್ದರಿಂದ ಮೊದಲು ಅಳೆಯಿರಿ, ಬದಲಿಸುವ ಮಾತು ಆಮೇಲೆ.

ಡಿಸ್ಕ್ ನಿಜಕ್ಕೂ ಹೇಗೆ ಕೆಡುತ್ತದೆ

ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಘರ್ಷಣೆಯ ಬಿಲ್ಲೆಗಳು ಪ್ಯಾಡ್. ಪ್ಯಾಡುಗಳನ್ನು ಒತ್ತುವ ಸಾಧನ ಕ್ಯಾಲಿಪರ್. ಡಿಸ್ಕ್ ಕೂರುವ, ಬೇರಿಂಗ್ ಮೇಲೆ ತಿರುಗುವ ಭಾಗ ಹಬ್.

ಬಿಸಿಗೆ ಡಿಸ್ಕ್ ಹಪ್ಪಳದಂತೆ ಸೊಟ್ಟಗಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಹಾಗಾಗುವುದು ಅಪರೂಪ. ಹೆಚ್ಚಾಗಿ ಆಗುವುದು ಬೇರೆ: ಡಿಸ್ಕಿನ ದಪ್ಪ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾಗುತ್ತದೆ. ದಪ್ಪ ಭಾಗ ಪ್ಯಾಡುಗಳ ನಡುವೆ ಬಂದಾಗ ಹಿಡಿತ ಜೋರಾಗುತ್ತದೆ, ತೆಳು ಭಾಗ ಬಂದಾಗ ಸಡಿಲವಾಗುತ್ತದೆ. ಪ್ರತಿ ಸುತ್ತಿಗೂ ಹೀಗೆ ಹಿಡಿದು ಬಿಟ್ಟು ಆಗುವುದೇ ನಿಮ್ಮ ಕೈಗೆ ತಿಳಿಯುವ ಅದುರು. ಇದಕ್ಕೆ 0.02 ಮಿಮೀ ವ್ಯತ್ಯಾಸ ಸಾಕು, ಎಷ್ಟೋ ಕಾರುಗಳಲ್ಲಿ ಅದಕ್ಕಿಂತ ಕಡಿಮೆಯೂ ಸಾಕು. ತಲೆಗೂದಲಿನ ದಪ್ಪದ ಕಾಲು ಭಾಗ ಅಂದುಕೊಳ್ಳಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ದಪ್ಪ ಹೀಗೆ ಏರುಪೇರಾಗಲು ಮುಖ್ಯ ಕಾರಣ ರನ್‌ಔಟ್, ಅಂದರೆ ತಿರುಗುವಾಗ ಡಿಸ್ಕ್ ಅತ್ತಿತ್ತ ಓಲಾಡುವುದು. ಬ್ರೇಕ್ ಬಿಟ್ಟಾಗಲೂ ಪ್ಯಾಡುಗಳು ಡಿಸ್ಕಿಗೆ ತೀರ ಹತ್ತಿರದಲ್ಲೇ ಇರುತ್ತವೆ. ಡಿಸ್ಕ್ ನೇರವಾಗಿ ಕೂತಿರದಿದ್ದರೆ ಅದರ ಉಬ್ಬಿದ ಜಾಗ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಟೈರಿನ ಸುತ್ತಳತೆ 1.9 ಮೀಟರ್ ಇದ್ದರೆ ಒಂದು ಕಿಲೋಮೀಟರಿಗೆ ಸುಮಾರು 525 ಸುತ್ತು, 5,000 ಕಿಲೋಮೀಟರಿಗೆ 26 ಲಕ್ಷ ಸುತ್ತು. ಅಷ್ಟೂ ಸಲ ಒಂದೇ ಜಾಗ ಸವೆದರೆ ಆ ಭಾಗ ತೆಳುವಾಗದೆ ಇರುತ್ತದೆಯೇ? ಹೊಸ ಡಿಸ್ಕ್ ಹಾಕಿದ ದಿನ ಸುಮ್ಮನಿದ್ದು ತಿಂಗಳುಗಳ ನಂತರ ಅದುರು ಮರಳಿ ಬರುವುದು ಇದರಿಂದಲೇ.

ಇನ್ನೊಂದು ಕಾರಣ ಪ್ಯಾಡಿನ ವಸ್ತು ಡಿಸ್ಕಿಗೆ ಮೆತ್ತಿಕೊಳ್ಳುವುದು. ಜೋರಾಗಿ ಬ್ರೇಕ್ ಹಾಕಿ ಕಾರು ನಿಲ್ಲಿಸಿ, ಡಿಸ್ಕ್ ಕಾದಿರುವಾಗಲೇ ಪೆಡಲ್ ಒತ್ತಿ ಹಿಡಿದು ಕೂತರೆ ಪ್ಯಾಡಿನ ಆಕಾರದ ಕಲೆ ಅಲ್ಲಿ ಅಚ್ಚೊತ್ತುತ್ತದೆ.

ಬೇಕಾಗುವ ಸಾಮಾನು

ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಮರದ ತುಂಡುಗಳು, ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್ (ನಟ್ ಎಷ್ಟು ಬಲದಲ್ಲಿ ಬಿಗಿಯಾಯಿತು ಎಂದು ತೋರಿಸುವ ಸ್ಪ್ಯಾನರ್), ವೈರ್ ಬ್ರಷ್, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಗಟ್ಟಿ ತಂತಿ, ಸೀಮೆಸುಣ್ಣ.

ಅಳತೆಗೆ ಎರಡು ಉಪಕರಣ ಬೇಕು. 0.01 ಮಿಮೀ ಓದಬಲ್ಲ ಮೈಕ್ರೋಮೀಟರ್ ಮತ್ತು ಕಾಂತದ ಬುಡವಿರುವ ಡಯಲ್ ಗೇಜ್. ವರ್ನಿಯರ್ ಸಾಲದು. ಸವೆದ ಡಿಸ್ಕಿನ ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ. ವರ್ನಿಯರಿನ ದವಡೆ ಅದರ ಮೇಲೆ ಕೂತು ಸವೆದ ಡಿಸ್ಕನ್ನೂ ಹೊಸದರಷ್ಟೇ ದಪ್ಪ ಎಂದು ತೋರಿಸಿಬಿಡುತ್ತದೆ.

ಎಚ್ಚರಿಕೆ: ಪೆಡಲ್ ಮೆತ್ತಗಾಗಿದ್ದರೆ, ಲೋಹ ಲೋಹಕ್ಕೆ ಉಜ್ಜುವ ಕರಕರ ಸದ್ದಿದ್ದರೆ, ಕಾರು ಒಂದೇ ಕಡೆಗೆ ಎಳೆಯುತ್ತಿದ್ದರೆ ಅಥವಾ ಒಂದು ಚಕ್ರದಿಂದ ಸುಟ್ಟ ವಾಸನೆ ಬರುತ್ತಿದ್ದರೆ ಕೆಳಗಿನ ರಸ್ತೆ ಪರೀಕ್ಷೆಗೆ ಹೋಗಲೇಬೇಡಿ. ಕಾರನ್ನು ನಿಂತಲ್ಲೇ ನೋಡಿಸಿ.

ಹಂತ 1: ಅದುರುವುದು ಎಲ್ಲಿ, ಯಾವಾಗ

ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ಗಮನಿಸಿ. ಬ್ರೇಕ್ ಮುಟ್ಟದೆ ಒಂದೇ ವೇಗದಲ್ಲಿ ಹೋಗುವಾಗಲೂ ಕಾರು ಅದುರಿದರೆ ತೊಂದರೆ ಬ್ರೇಕಿನದ್ದಲ್ಲ. ವೀಲ್ ಬ್ಯಾಲೆನ್ಸ್, ಟೈರಿನ ಉಬ್ಬು, ಬೆಂಡಾದ ರಿಮ್ ಇವುಗಳನ್ನು ಮೊದಲು ಸರಿಮಾಡಿಸಿ.

ಬ್ರೇಕ್ ಹಾಕಿದಾಗ ಮಾತ್ರ ಸ್ಟೇರಿಂಗ್ ಅಲುಗಿದರೆ ಅನುಮಾನ ಮುಂದಿನ ಚಕ್ರಗಳ ಮೇಲೆ. ಸ್ಟೇರಿಂಗ್ ಸುಮ್ಮನಿದ್ದು ಸೀಟು ಅಥವಾ ನೆಲ ಅದುರಿದರೆ ಹಿಂದಿನ ಚಕ್ರಗಳ ಮೇಲೆ. ಪೆಡಲ್ ಮಿಡಿಯುವುದು ಎರಡರಲ್ಲೂ ಇರಬಹುದು. ವೇಗ ಇಳಿದಂತೆ ಅದುರಿನ ಲಯವೂ ನಿಧಾನವಾದರೆ ಅದು ಚಕ್ರದ ಸುತ್ತಿಗೆ ಅಂಟಿಕೊಂಡ ತೊಂದರೆ, ಅಂದರೆ ಡಿಸ್ಕ್ ಅಥವಾ ಡ್ರಮ್ (ಡಿಸ್ಕಿನ ಬದಲು ಇರುವ, ಒಳಗಿನಿಂದ ಬ್ರೇಕ್ ಹಿಡಿಯುವ ದುಂಡನೆಯ ಡಬ್ಬಿ).

ಹಿಂದಿನದ್ದನ್ನು ಖಚಿತ ಮಾಡಿಕೊಳ್ಳಲು, 30 ಕಿಮೀ ವೇಗದಲ್ಲಿ ಹ್ಯಾಂಡ್‌ಬ್ರೇಕ್ ಲಿವರಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ. ಅದುರಿದರೆ ತಪ್ಪು ಹಿಂದೆಯೇ ಇದೆ. ಗುಂಡಿ ಬಿಟ್ಟರೆ ಲಿವರ್ ಕಚ್ಚಿಕೊಂಡು ಹಿಂದಿನ ಚಕ್ರಗಳು ಲಾಕ್ ಆಗಬಹುದು, ಒದ್ದೆ ರಸ್ತೆಯಲ್ಲಂತೂ ಈ ಪರೀಕ್ಷೆ ಬೇಡ. ಸ್ವಿಚ್ಚಿನಿಂದ ನಡೆಯುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಇದನ್ನು ಮಾಡಲೇಬಾರದು. ಕೆಲವು ಕಾರುಗಳಲ್ಲಿ ಹಿಂದೆ ಡಿಸ್ಕ್ ಇದ್ದರೂ ಹ್ಯಾಂಡ್‌ಬ್ರೇಕಿಗೆ ಅದರ ಒಳಗೇ ಬೇರೆ ಸಣ್ಣ ಡ್ರಮ್ ಇರುತ್ತದೆ. ಅಂಥ ಕಡೆ ಈ ಪರೀಕ್ಷೆ ಡಿಸ್ಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಾಗಲೂ ಪೆಡಲ್ ಟರಟರ ಮಿಡಿಯುತ್ತದೆ. ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಅದು ಸಹಜ. ಆದರೆ ಒಣ ರಸ್ತೆಯಲ್ಲಿ, ಕಾರು ಇನ್ನೇನು ನಿಲ್ಲುತ್ತದೆ ಅನ್ನುವ ಕೊನೆಯ ಕ್ಷಣದಲ್ಲಿ ಮಾತ್ರ ಹಾಗಾದರೆ ಚಕ್ರದ ವೇಗ ಓದುವ ಸೆನ್ಸರಿಗೆ ಕೊಳೆ ಹಿಡಿದಿರಬಹುದು ಅಥವಾ ಅದರೆದುರು ತಿರುಗುವ ಹಲ್ಲಿನ ಬಳೆ ಸೀಳಿರಬಹುದು. ಡಿಸ್ಕ್ ಬದಲಿಸಿದರೆ ಇದು ಹೋಗುವುದಿಲ್ಲ.

ಹಂತ 2: ಯಾವ ಚಕ್ರ ಹೆಚ್ಚು ಕಾದಿದೆ

ಹತ್ತು ಹದಿನೈದು ನಿಮಿಷ ಓಡಿಸಿ, ಆದಷ್ಟು ಬ್ರೇಕ್ ಬಳಸದೆ ನಿಲ್ಲಿಸಿ, ಎಡ ಬಲ ಚಕ್ರಗಳ ಬಿಸಿ ಹೋಲಿಸಿ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ರಿಮ್ಮಿನ ಹತ್ತಿರ ಅಂಗೈ ಹಿಡಿದರೂ ಅಂದಾಜು ಸಿಗುತ್ತದೆ. ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ.

ಒಂದು ಕಡೆ ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಆ ಕಡೆಯ ಪ್ಯಾಡ್ ಬಿಡುಗಡೆಯಾಗುತ್ತಿಲ್ಲ. ಈ ಅಂಶವನ್ನು ಬರೆದಿಟ್ಟುಕೊಳ್ಳಿ, ಹಂತ 4ರಲ್ಲಿ ಬೇಕಾಗುತ್ತದೆ.

ಹಂತ 3: ಚಕ್ರ ಬಿಚ್ಚಿ ಅಳೆಯುವುದು

ಇಡೀ ಕೆಲಸದ ಜೀವಾಳ ಈ ಹಂತ. ಅವಸರ ಬೇಡ. ಡಿಸ್ಕ್ ಪೂರ್ತಿ ಆರಿರಲಿ.

ನೆಲ ಗಟ್ಟಿಯಾಗಿರಬೇಕು. ಎತ್ತದ ಚಕ್ರಗಳಿಗೆ ಮರದ ತುಂಡು ಕೊಡಿ, ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈಕಾಲು ಹಾಕಬೇಡಿ.

ಚಕ್ರ ತೆಗೆಯುವ ಮೊದಲೇ ಅದನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ನಂತರ ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಆಟವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಅಕ್ಕಪಕ್ಕದ ಆಟ ಮಾತ್ರ ಇದ್ದರೆ ಹೆಚ್ಚಾಗಿ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್. ಬೇರಿಂಗಿನಲ್ಲಿ ಆಟ ಇಟ್ಟುಕೊಂಡು ಡಿಸ್ಕ್ ಅಳೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಮೊದಲು ಅದನ್ನು ಮುಗಿಸಿ.

ಚಕ್ರ ತೆಗೆದ ಮೇಲೆ ಡಿಸ್ಕ್ ಸಡಿಲವಾಗಿ ನೇತಾಡುತ್ತದೆ. ವಾಷರ್ ಹಾಕಿ ವೀಲ್ ನಟ್‌ಗಳನ್ನು ಎಲ್ಲ ಕಡೆ ಸಮನಾಗಿ ಬಿಗಿದು ಡಿಸ್ಕನ್ನು ಹಬ್ಬಿಗೆ ಒತ್ತಿ ಕೂರಿಸಿ. ಇದನ್ನು ಬಿಟ್ಟು ಅಳೆದು, ಚೆನ್ನಾಗಿರುವ ಡಿಸ್ಕನ್ನೂ ಕೆಟ್ಟದ್ದೆಂದು ಎಸೆಯುವವರಿದ್ದಾರೆ.

ದಪ್ಪ ನೋಡಲು ಡಿಸ್ಕಿನ ಸುತ್ತ ಸಮಾನ ಅಂತರದಲ್ಲಿ 8 ಗುರುತು ಹಾಕಿ. ಹೊರ ಅಂಚಿನಿಂದ 10 ಮಿಮೀ ಒಳಗೆ, ಎಲ್ಲ ಕಡೆ ಅದೇ ಅಂತರದಲ್ಲಿ ಮೈಕ್ರೋಮೀಟರ್ ಹಿಡಿದು ಬರೆದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 0.02 ಮಿಮೀ ಅಥವಾ ಹೆಚ್ಚು ವ್ಯತ್ಯಾಸ ಬಂದರೆ ಅದುರಿನ ಮೂಲ ಸಿಕ್ಕಿತು. ಅತಿ ಕಡಿಮೆಯ ಅಳತೆಯನ್ನು ಡಿಸ್ಕಿನ ಮೇಲೆಯೇ ಅಚ್ಚಾಗಿರುವ ಕನಿಷ್ಠ ದಪ್ಪದ ಅಂಕಿಗೆ ಹೋಲಿಸಿ. ಹೊಸದಾಗಿದ್ದಾಗ 22 ಮಿಮೀ ಇರುವ ಡಿಸ್ಕಿಗೆ ಆ ಅಂಕಿ ಸಾಮಾನ್ಯವಾಗಿ 20ರ ಆಸುಪಾಸು. ಅದಕ್ಕಿಂತ ಕಡಿಮೆಯಿದ್ದರೆ ಬದಲಿಸಲೇಬೇಕು, ಕಡೆಸುವ (ಲೇತಿನಲ್ಲಿ ಮೇಲ್ಮೈ ಸಮಮಾಡಿಸುವ) ಮಾತೇ ಇಲ್ಲ.

ಓಲಾಟ ನೋಡಲು ಡಯಲ್ ಗೇಜಿನ ಬುಡವನ್ನು ತಿರುಗದ, ಅಲುಗದ ಲೋಹದ ಭಾಗಕ್ಕೆ ಕಚ್ಚಿಸಿ. ಮೊನೆ ಡಿಸ್ಕಿಗೆ ನೇರವಾಗಿ, ಅದೇ 10 ಮಿಮೀ ಒಳಗೆ ತಾಗಲಿ. ಡಿಸ್ಕನ್ನು ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳು ಅತ್ತ ಹೋದ ತುದಿಗೂ ಇತ್ತ ಬಂದ ತುದಿಗೂ ನಡುವಿನ ವ್ಯತ್ಯಾಸವೇ ರನ್‌ಔಟ್. 0.05 ಮಿಮೀ ಒಳಗಿದ್ದರೆ ನೆಮ್ಮದಿ. 0.10 ದಾಟಿದರೆ ಇಂದಲ್ಲ ನಾಳೆ ಅದುರು ಖಂಡಿತ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಮಿತಿ ಕೊಟ್ಟಿದ್ದರೆ ಅದೇ ಅಂತಿಮ. ಅತಿ ಉಬ್ಬಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಹಂತ 4: ಕಾರಣ ಹುಡುಕುವುದು

ಕ್ಯಾಲಿಪರ್ ಬಿಚ್ಚಿ. ಅದನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಕೊಳವೆ) ಮೇಲೆ ಅದರ ಭಾರ ಬಿಟ್ಟರೆ ಒಳಗಿನ ಪದರ ಹರಿದು, ಹೊರಗೆ ಏನೂ ಕಾಣದೆ ಮುಂದೆ ಹೊಸ ತೊಂದರೆ ಬರುತ್ತದೆ.

ಕ್ಯಾಲಿಪರ್ ಬ್ರಾಕೆಟ್ಟನ್ನೂ ತೆಗೆದರೆ ಡಿಸ್ಕ್ ಹೊರಬರುತ್ತದೆ. ಸಣ್ಣ ಸ್ಕ್ರೂ ಇದ್ದರೆ ಮೊದಲು ಅದನ್ನು ಬಿಚ್ಚಿ. ತುಕ್ಕಿಗೆ ಕಚ್ಚಿಕೊಂಡಿದ್ದರೆ ಡಿಸ್ಕಿನಲ್ಲಿ ಬೋಲ್ಟ್ ತಿರುಗಿಸಿ ಹಾಕಲು ಥ್ರೆಡ್ ಇರುವ ಎರಡು ತೂತು ಇವೆಯೇ ನೋಡಿ. ಇದ್ದರೆ ಅವಕ್ಕೆ ಒಗ್ಗುವ ಬೋಲ್ಟ್ ಹಾಕಿ ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿದರೆ ಡಿಸ್ಕ್ ತಾನೇ ಎದ್ದು ಬರುತ್ತದೆ. ಮತ್ತೆ ಬಳಸುವ ಡಿಸ್ಕಿಗೆ ಸುತ್ತಿಗೆ ಏಟು ಬೇಡ.

ಈಗ ಹಬ್ಬಿನ ಮುಖ ನೋಡಿ. ಸ್ಟಡ್‌ಗಳ (ವೀಲ್ ನಟ್ ಕೂರುವ ಕಡ್ಡಿಗಳು) ಬುಡದ ಸುತ್ತ ಕಂದು ಬಣ್ಣದ ಗಟ್ಟಿ ತುಕ್ಕಿನ ಪೊರೆ ಇರುತ್ತದೆ, ಉಗುರಿಗೆ ಏಳುವುದಿಲ್ಲ. ಪದೇ ಪದೇ ಮರಳುವ ಅದುರಿನ ಬೇರು ಎಷ್ಟೋ ಸಲ ಇಲ್ಲೇ. ಲೆಕ್ಕ ನೋಡಿ: 140 ಮಿಮೀ ವ್ಯಾಸದ ಹಬ್ಬಿನ ಒಂದು ಅಂಚಿನಲ್ಲಿ 0.05 ಮಿಮೀ ತುಕ್ಕಿದ್ದರೆ 260 ಮಿಮೀ ವ್ಯಾಸದ ಡಿಸ್ಕಿನ ಅಂಚಿನಲ್ಲಿ ಅದು 0.09ಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಡಿಸ್ಕೂ ಇದರ ಮೇಲೆ ನೇರವಾಗಿ ಕೂರಲಾರದು. ವೈರ್ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸ್ಟಡ್‌ಗಳ ಬುಡ ಬಿಡಬೇಡಿ. ಡಿಸ್ಕಿನ ಹಿಂಬದಿಯನ್ನೂ ಉಜ್ಜಿ. ಆಮೇಲೆ ಡಯಲ್ ಗೇಜನ್ನು ಹಬ್ಬಿನ ಮುಖಕ್ಕೇ ಹಿಡಿದು ನೋಡಿ. ಅಲ್ಲೇ 0.03 ದಾಟಿದರೆ ಹಬ್ ಅಥವಾ ಬೇರಿಂಗ್ ಮೇಲೆ ಅನುಮಾನ ಪಡಿ.

ಪ್ಯಾಡುಗಳು ಒಳ್ಳೆಯ ಸಾಕ್ಷಿ ಹೇಳುತ್ತವೆ. ಒಳಗಿನ ಪ್ಯಾಡ್ ಹೆಚ್ಚು, ಹೊರಗಿನದು ಕಡಿಮೆ ಸವೆದಿದ್ದರೆ ಅಥವಾ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಸ್ಲೈಡ್ ಪಿನ್ ಜಾಮ್ ಆಗಿದೆ. ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ನುಣುಪಾದ ಎರಡು ಕಡ್ಡಿಗಳೇ ಸ್ಲೈಡ್ ಪಿನ್. ಅವು ಬೆರಳಿನ ಬಲಕ್ಕೆ ಜಾರಬೇಕು. ಹೊರತೆಗೆದು ಹಳೆಯ ಗ್ರೀಸ್ ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ ಹಾಕಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬಳಸಿದರೆ ರಬ್ಬರ್ ಉಬ್ಬಿ ಪಿನ್ ಮೊದಲಿಗಿಂತ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಎರಡು ಪಿನ್ನುಗಳು ಬೇರೆ ಬೇರೆ ಆಕಾರದಲ್ಲಿರಬಹುದು, ಅದಲು ಬದಲು ಮಾಡಬೇಡಿ. ತುಕ್ಕಿನ ಗುಳಿ ಬಿದ್ದಿದ್ದರೆ ಹೊಸದೇ ಹಾಕಿ.

ಪಿನ್ ಸರಿಯಾಗಿದ್ದೂ ಆ ಚಕ್ರ ಕಾಯುತ್ತಿತ್ತೇ? ಚಕ್ರ ಬಿಗಿದು ನಿಂತಿರುವ ಸ್ಥಿತಿಯಲ್ಲಿ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲಿನಲ್ಲಿನ ಗಾಳಿ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಕೂಡಲೇ ಚಕ್ರ ಬಿಡುಗಡೆಯಾದರೆ ಒತ್ತಡ ಹಿಂದಕ್ಕೆ ಹೋಗಲು ದಾರಿಯಿಲ್ಲದೆ ಸಿಕ್ಕಿಕೊಂಡಿದೆ, ಒಳಗೆ ಊದಿದ ಹೋಸ್ ಇದಕ್ಕೆ ಸಾಮಾನ್ಯ ಕಾರಣ. ಸಡಿಲಿಸಿದ ಮೇಲೂ ಬಿಗಿಯೇ ಇದ್ದರೆ ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಕಚ್ಚಿದೆ. ನಿಪ್ಪಲ್ ಬಿಚ್ಚಿದ ಮೇಲೆ ಆ ಚಕ್ರದ ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯದೆ ಕಾರು ಓಡಿಸಬೇಡಿ.

ಕೊನೆಗೆ ಲೋವರ್ ಆರ್ಮಿನ (ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು) ಬುಷ್ ನೋಡಿ. ಬುಷ್ ಅಂದರೆ ಲೋಹದ ಎರಡು ಭಾಗಗಳ ನಡುವಿನ ರಬ್ಬರ್ ಮೆತ್ತೆ. ಸಣ್ಣ ಮೀಟುಗೋಲಿನಿಂದ ಮೀಟಿದಾಗ ರಬ್ಬರ್ ಸೀಳು ಬಾಯಿ ಬಿಟ್ಟರೆ ಅದು ಮುಗಿಯಿತು. ಬುಷ್ ತಾನಾಗಿ ಅದುರು ಹುಟ್ಟಿಸುವುದಕ್ಕಿಂತ, ಡಿಸ್ಕಿನ ಸಣ್ಣ ದೋಷವನ್ನು ಹಿಗ್ಗಿಸಿ ಸ್ಟೇರಿಂಗಿಗೆ ತಲುಪಿಸುವುದೇ ಹೆಚ್ಚು.

ಹಿಂದೆ ಡ್ರಮ್ ಇದ್ದರೆ: ಡ್ರಮ್ಮಿನ ಒಳವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಅಂಕಿಗಳು ಬೇರೆ ಬೇರೆ ಬಂದರೆ ಡ್ರಮ್ ದುಂಡಗೆ ಉಳಿದಿಲ್ಲ. ಕಾದ ಡ್ರಮ್ ಮೇಲೆ ಹ್ಯಾಂಡ್‌ಬ್ರೇಕ್ ಬಿಗಿದು ರಾತ್ರಿಯಿಡೀ ಬಿಡುವುದೂ ಇದಕ್ಕೆ ಕಾರಣವಾಗುತ್ತದೆ. ಗರಿಷ್ಠ ವ್ಯಾಸ ಡ್ರಮ್ ಮೇಲೆಯೇ ಇರುತ್ತದೆ.

ಹಂತ 5: ಏನು ಮಾಡಬೇಕು ಎಂದು ತೀರ್ಮಾನಿಸುವುದು

ದಪ್ಪ ಸಮನಾಗಿದ್ದು ರನ್‌ಔಟ್ ಮಾತ್ರ ಹೆಚ್ಚಿದ್ದರೆ ಅದೃಷ್ಟ ನಿಮ್ಮ ಕಡೆ ಇದೆ. ಹಬ್ ಉಜ್ಜಿ ಡಿಸ್ಕ್ ಮತ್ತೆ ಹಾಕಿ ಅಳೆಯಿರಿ. ಇನ್ನೂ ಹೆಚ್ಚಿದ್ದರೆ ಡಿಸ್ಕನ್ನು ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಕೂರಿಸಿ ನೋಡಿ, ಹೀಗೆ ಎಲ್ಲ ಸ್ಥಾನಗಳಲ್ಲೂ. ಹಬ್ಬಿನ ಓರೆ ಮತ್ತು ಡಿಸ್ಕಿನ ಓರೆ ಒಂದನ್ನೊಂದು ಕಳೆದುಹಾಕುವ ಸ್ಥಾನ ಸಿಕ್ಕರೆ ಅಲ್ಲೇ ಗುರುತು ಹಾಕಿ ಬಿಗಿಯಿರಿ. ಡಿಸ್ಕಿಗೆ ಸ್ಕ್ರೂ ಇದ್ದು ಒಂದೇ ಸ್ಥಾನದಲ್ಲಿ ಕೂರುವಂತಿದ್ದರೆ ಈ ಉಪಾಯ ನಡೆಯದು.

ಪ್ಯಾಡಿನ ಕಲೆ ಮಾತ್ರ ಇದ್ದು ದಪ್ಪ ಹೆಚ್ಚೇನೂ ಕೆಟ್ಟಿರದಿದ್ದರೆ 120 ನಂಬರಿನ ಎಮರಿ ಕಾಗದದಿಂದ ಎರಡೂ ಮುಖ ಉಜ್ಜಿ, ಕೆಳಗೆ ಹೇಳಿರುವಂತೆ ಪ್ಯಾಡ್ ಹೊಂದಿಸಿ ನೋಡಿ. ನೀಲಿ ಅಥವಾ ಕಪ್ಪು ಚುಕ್ಕೆಗಳಿದ್ದರೆ ಮಾತ್ರ ಇದಕ್ಕೆ ಸಮಯ ಹಾಳುಮಾಡಬೇಡಿ. ಅಲ್ಲಿ ಕಬ್ಬಿಣವೇ ವಿಪರೀತ ಕಾದು ಗಟ್ಟಿಯಾಗಿದೆ. ಅದು ಸುತ್ತಲಿನ ಲೋಹದಷ್ಟು ಬೇಗ ಸವೆಯುವುದಿಲ್ಲ, ಕಡೆಸಿದರೂ ಉಬ್ಬು ಮರಳುತ್ತದೆ. ಡಿಸ್ಕ್ ಬದಲಿಸಿ.

ದಪ್ಪ ಏರುಪೇರಾಗಿದ್ದು ಕನಿಷ್ಠಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಲೇತಿನಲ್ಲಿ ಕಡೆಸಬಹುದು. ಕಡೆದ ನಂತರವೂ ಕನಿಷ್ಠ ದಪ್ಪದ ಮೇಲೆ ಸವೆಯಲು ಜಾಗ ಉಳಿಯಬೇಕು. ಕಾರಿನ ಮೇಲೆಯೇ ಕೂರಿಸಿ ಕಡೆಯುವ ಯಂತ್ರ ಸಿಕ್ಕರೆ ಅದೇ ಉತ್ತಮ, ಹಬ್ಬಿನ ಓರೆಯೂ ಲೆಕ್ಕಕ್ಕೆ ಬರುತ್ತದೆ. ಬಿಚ್ಚಿ ಕೊಟ್ಟು ಕಡೆಸಿದರೆ ಡಿಸ್ಕ್ ನೇರವಾಗುತ್ತದೆ, ಹಬ್ ಇದ್ದ ಹಾಗೇ ಇರುತ್ತದೆ.

ಕಡೆಸಲಿ, ಬದಲಿಸಲಿ, ಎಡ ಬಲ ಎರಡೂ ಒಟ್ಟಿಗೆ. ಒಂದೇ ಕಡೆ ಮಾಡಿದರೆ ಬ್ರೇಕ್ ಹಾಕಿದಾಗ ಕಾರು ಎಳೆಯಬಹುದು. ಹೊಸ ಡಿಸ್ಕಿಗೆ ಹಳೆಯ ಪ್ಯಾಡ್ ಬೇಡ, ಹಳೆಯ ಡಿಸ್ಕಿನ ಗೀರುಗಳ ಅಚ್ಚು ಅದರಲ್ಲಿ ಕೂತಿರುತ್ತದೆ.

ಹಂತ 6: ಜೋಡಿಸುವುದು

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್ ಹಾಕಿ ಶುದ್ಧ ಬಟ್ಟೆಯಿಂದ ಪೂರ್ತಿ ಒರೆಸಿ. ಕಾದ ಲೋಹದ ಮೇಲೆ ಈ ಸ್ಪ್ರೇ ಹೊಡೆಯಬೇಡಿ. ಬ್ರೇಕಿನ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಮಾಡಿ ಒರೆಸಿ. ಹೊಸ ಡಿಸ್ಕ್ ಕೂರಿಸಿದ ಮೇಲೂ ರನ್‌ಔಟ್ ಅಳೆಯಿರಿ. ಇದನ್ನು ಬಿಟ್ಟರೆ ಈವರೆಗೆ ಪಟ್ಟ ಶ್ರಮವೆಲ್ಲ ಊಹೆಯ ಮೇಲೆ ನಿಂತಂತೆ.

ಪಿಸ್ಟನ್ ಒಳಗೆ ಒತ್ತುವಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಏರುತ್ತದೆ. ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಹೋಗುತ್ತದೆ, ಕಣ್ಣಿಡಿ. ಹ್ಯಾಂಡ್‌ಬ್ರೇಕ್ ಸೇರಿಕೊಂಡಿರುವ ಹಿಂದಿನ ಕ್ಯಾಲಿಪರುಗಳಲ್ಲಿ ಪಿಸ್ಟನ್ ಒತ್ತಿದರೆ ಹೋಗುವುದಿಲ್ಲ, ಹೆಚ್ಚಿನವುಗಳಲ್ಲಿ ತಿರುಗಿಸಿ ಒಳಗೆ ಕಳಿಸಬೇಕು. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಅದನ್ನು ಸರ್ವಿಸ್ ಮೋಡಿಗೆ (ರಿಪೇರಿಗಾಗಿ ಮೋಟಾರ್ ಹಿಂದೆ ಸರಿಯುವ ಸ್ಥಿತಿ) ಹಾಕಿ. ಬಲವಂತ ಮಾಡಿದರೆ ಮೋಟಾರ್ ಮುರಿಯುತ್ತದೆ.

ವೀಲ್ ನಟ್ ಬಿಗಿಯುವುದನ್ನು ಕೊನೆಯ ಚಿಲ್ಲರೆ ಕೆಲಸ ಎಂದುಕೊಳ್ಳಬೇಡಿ. ಏರ್ ಗನ್ನಿನಿಂದ ಒಂದೊಂದೇ ನಟ್ಟನ್ನು ಸಿಕ್ಕಾಪಟ್ಟೆ ಬಿಗಿದರೆ ಡಿಸ್ಕಿನ ನಡುಭಾಗ ಒಂದು ಕಡೆ ಎಳೆದುಕೊಂಡು ಓಲಾಟ ಹುಟ್ಟುತ್ತದೆ. ಕೈಯಲ್ಲಿ ತಿರುಗಿಸಿ ಕೂರಿಸಿ, ಒಂದರ ನಂತರ ಎದುರಿನದು ಎಂಬಂತೆ ನಕ್ಷತ್ರದ ಕ್ರಮದಲ್ಲಿ ಮೊದಲು ಅರ್ಧ ಬಲಕ್ಕೆ, ಆಮೇಲೆ ಪೂರ್ಣ ಬಲಕ್ಕೆ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. ಅನೇಕ ಕಾರುಗಳಿಗೆ ಇದು 100 ರಿಂದ 120 ನ್ಯೂಟನ್ ಮೀಟರ್, ನಿಮ್ಮದಕ್ಕೆ ಎಷ್ಟು ಎಂದು ಕೈಪಿಡಿಯಲ್ಲಿ ನೋಡಿಯೇ ಬಿಗಿಯಿರಿ. ಸ್ಟಡ್ಡಿನ ಥ್ರೆಡ್ಡಿಗೆ ಎಣ್ಣೆ ಹಚ್ಚಬೇಡಿ, ಅದೇ ಅಂಕಿಗೆ ನಟ್ ಹೆಚ್ಚು ಬಿಗಿದುಕೊಳ್ಳುತ್ತದೆ. ಮುಂದೆ ಪಂಕ್ಚರ್ ಹಾಕಿಸಿದಾಗಲೂ ಇದೇ ಕ್ರಮ.

ಕಾರು ಅಲುಗಿಸುವ ಮೊದಲು ಪೆಡಲ್ಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಒತ್ತಿಗೆ ಬ್ರೇಕೇ ಸಿಗುವುದಿಲ್ಲ. ಇದನ್ನು ಮರೆತರೆ ಮೊದಲ ತಿರುವಿನಲ್ಲೇ ಅಪಘಾತ. ಆಮೇಲೆ ಡಬ್ಬಿಯ ಮಟ್ಟ ನೋಡಿ.

ಹಂತ 7: ಪ್ಯಾಡ್ ಹೊಂದಿಸುವುದು

ಪ್ಯಾಡಿನ ತೆಳು ಪದರ ಡಿಸ್ಕಿನ ಸುತ್ತ ಸಮನಾಗಿ ಕೂರುವಂತೆ ಮಾಡುವ ಕೆಲಸ ಇದು. ಹಿಂದೆ ವಾಹನಗಳಿಲ್ಲದ ರಸ್ತೆಯಲ್ಲಿ 60ರಿಂದ 15 ಕಿಮೀ ವೇಗದವರೆಗೆ ಮಧ್ಯಮ ಬಲದಲ್ಲಿ ಬ್ರೇಕ್ ಹಾಕಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಅರ್ಧ ನಿಮಿಷ ಓಡಿಸಿ ಮತ್ತೆ ಹಾಗೇ ಮಾಡಿ, 8ರಿಂದ 10 ಸಲ. ಸ್ವಲ್ಪ ವಾಸನೆ ಬಂದರೆ ಹೆದರಬೇಡಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ಆರಲು ಬಿಡಿ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಡಿ, ಬಿಸಿ ಇಳಿಯುವವರೆಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಪ್ಯಾಡ್ ತಯಾರಕರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ಆರಿರುವಾಗ, ವೀಲ್ ನಟ್‌ಗಳ ಬಿಗಿಯನ್ನು ಟಾರ್ಕ್ ವ್ರೆಂಚ್ ಹಿಡಿದು ಇನ್ನೊಮ್ಮೆ ನೋಡಿ. ಹಂತ 3ರಲ್ಲಿ ಬರೆದುಕೊಂಡ ಅಂಕಿಗಳ ಚೀಟಿಯನ್ನು ತಾರೀಖು ಮತ್ತು ಓಡಿದ ಕಿಲೋಮೀಟರ್ ಸಹಿತ ಕಾರಿನಲ್ಲೇ ಇಡಿ. ಮುಂದೆ ಅದುರು ಮರಳಿದರೆ ಯಾವ ಚಕ್ರದ ಅಳತೆ ಬದಲಾಗಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ.